ಹಳೇ ಲೆಡ್ಜರ್ – ಭಾಗ 4: ಹೆಸರಿಗೆ ಮೂರು ಪೆನ್ಸ್

ಬಿಸಿನೆಸ್ ಲಾ ಕ್ಲಾಸಲ್ಲಿ ಸ್ಟ್ಯಾಂಪ್ ಡ್ಯೂಟಿ ಅಂದ ತಕ್ಷಣ ಆಕಳಿಸ್ತೀರಲ್ಲಾ, ಇದನ್ನ ಓದಿ.

1783ರಲ್ಲಿ ಬ್ರಿಟನ್ ಸರ್ಕಾರ ಚರ್ಚಿನ ರಿಜಿಸ್ಟರಿನಲ್ಲಿ ಬರೆಸೋ ಒಂದೊಂದು ನಮೂದಿಗೂ ತೆರಿಗೆ ಹಾಕಿತು. ಮಗು ಹುಟ್ಟಿದರೆ ಮೂರು ಪೆನ್ಸ್. ಮದುವೆಗೆ ಮೂರು ಪೆನ್ಸ್. ಮಣ್ಣು ಮಾಡಿದ್ರೂ ಮೂರು ಪೆನ್ಸ್. ತೀರಾ ಬಡವರಿಗೆ ವಿನಾಯಿತಿ ಇತ್ತು. ಆದರೂ ಎಷ್ಟೋ ಮನೆಯವರು ಬರೆಸೋದನ್ನೇ ಬಿಟ್ಟರು. 1794ರಲ್ಲಿ ತೆರಿಗೆ ಹೋಯ್ತು, ಆ ಮಕ್ಕಳ ಹೆಸರು ಮಾತ್ರ ಪುಸ್ತಕಕ್ಕೆ ವಾಪಸ್ ಬರಲಿಲ್ಲ.

ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ತಮ್ಮ ಬೇರು ಹುಡುಕೋರಿಗೆ ಇದು ದೊಡ್ಡ ಗೋಡೆ. ಅಲ್ಲಿ ಸರ್ಕಾರವೇ ಜನನ, ಮರಣ ಬರೆದುಕೊಳ್ಳೋಕೆ ಶುರು ಮಾಡಿದ್ದು 1855ರ ಜನವರಿ 1ರಿಂದ. ಅದಕ್ಕೂ ಹಿಂದಿನವರು ಬೇಕಂದ್ರೆ ಪ್ಯಾರಿಷ್ ಪುಸ್ತಕವೇ ಗತಿ. ಪ್ಯಾರಿಷ್ ಅಂದ್ರೆ ಒಂದು ಚರ್ಚು, ಅದಕ್ಕೆ ಸೇರಿದ ಸುತ್ತಲಿನ ಊರುಗಳು. ಈಗ ಉಳಿದಿರೋ ಪುಸ್ತಕಗಳಲ್ಲಿ ಹಳೆಯದು ಎರಲ್ ಅನ್ನೋ ಊರಿನದು, 1553ರಿಂದ ಶುರು. ಪಾದ್ರಿಯೋ ಗುಮಾಸ್ತನೋ ಬರೆದಿದ್ದಷ್ಟೇ ಇತಿಹಾಸ.

ಇನ್ನು ಕೆಲವು ಕಡೆ ಊರೇ ಇಲ್ಲ! ಉತ್ತರದ ಸದರ್ಲೆಂಡಿನ ಕಿಲ್ಡೋನನ್ ಪ್ಯಾರಿಷ್ ನೋಡಿ. 1811ರ ಜನಗಣತಿಯಲ್ಲಿ 1,574 ಜನ. 1831ರಲ್ಲಿ 257. ಕುರಿ ಸಾಕೋರಿಗೆ ಜಮೀನು ಕೊಟ್ರೆ ಗೇಣಿ ಜಾಸ್ತಿ ಬರುತ್ತೆ ಅಂತ ಲೆಕ್ಕ ಹಾಕಿ ಎಸ್ಟೇಟಿನವರು ಜನರನ್ನ ಒಕ್ಕಲೆಬ್ಬಿಸಿದರು. ಕೆಲವರು ಕಡಲ ದಂಡೆಗೆ ಹೋದರು. ಇನ್ನು ಕೆಲವರು 1813ರಲ್ಲಿ ಹಡಗು ಹತ್ತಿ ಕೆನಡಾ ಸೇರಿದರು. ವಿನ್ನಿಪೆಗ್ ನಗರದಲ್ಲಿ ಇವತ್ತಿಗೂ ಕಿಲ್ಡೋನನ್ ಹೆಸರಿನ ಬಡಾವಣೆಗಳಿವೆ. ಕಾಮರ್ಸ್ ಓದೋರು ನೀವೇ ಹೇಳಿ, ಆ ಬ್ಯಾಲೆನ್ಸ್ ಶೀಟಿನಲ್ಲಿ ಕಮ್ಮಿಯಾದ 1,317 ಜನ ಯಾವ ಕಾಲಮ್ಮಿಗೆ ಬರ್ತಾರೆ?

ಸಿಕ್ಕ ಹೆಸರುಗಳದ್ದೂ ಒಂದು ಗೋಳು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡೋ ರೂಢಿ ಅಲ್ಲಿತ್ತು. ಅಣ್ಣ ತಮ್ಮಂದಿರೆಲ್ಲ ತಮ್ಮ ದೊಡ್ಡ ಮಗನಿಗೆ ಒಂದೇ ಹೆಸರಿಟ್ಟರೆ, ಯಾರು ಯಾರ ಮಗ?

ದಾರಿ ತೋರಿಸೋದು ಹೆಂಗಸರು. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಮೇಲೂ ಹೆಣ್ಣಿನ ತವರು ಮನೆಯ ಹೆಸರು ಅಳಿಸಿಹೋಗಲ್ಲ. 1855ರ ನಂತರದ ಮರಣ ನೋಂದಣಿಯಲ್ಲಿ ಸತ್ತವರ ತಾಯಿಯ ಹೆಸರು, ಆಕೆಯ ತವರಿನ ಹೆಸರು, ಎರಡಕ್ಕೂ ಜಾಗ ಇದೆ. ಅಂದ್ರೆ ಮೂರು ಪೆನ್ಸಿನ ಕಾಲದಲ್ಲಿ ಹುಟ್ಟಿ ಲೆಕ್ಕಕ್ಕೇ ಸಿಗದ ಹುಡುಗಿ, ಎಪ್ಪತ್ತು ದಾಟಿ ಅಜ್ಜಿಯಾಗಿ ತೀರಿಕೊಂಡಾಗ ತನ್ನ ಅಮ್ಮನನ್ನೂ ಜೊತೆಗೆ ಕರ್ಕೊಂಡು ದಾಖಲೆಗೆ ಬರ್ತಾಳೆ.

ಒಂದೇ ಷರತ್ತು. ಬರೆಸಲು ಹೋದ ಮಗನಿಗೋ ಮೊಮ್ಮಗನಿಗೋ ಆ ಹೆಸರು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ.

ಹೋದ ವರ್ಷ ನಮ್ಮಜ್ಜಿ ತೀರಿಕೊಂಡಾಗ, ಅವರ ಅಮ್ಮನ ಹೆಸರೇನು ಅಂತ ಯಾರೋ ಕೇಳಿದ್ರು. ಮನೆ ತುಂಬ ಜನ ಇದ್ರು. ಒಬ್ಬರಿಗೂ ಗೊತ್ತಿರಲಿಲ್ಲ.

ನಿಮ್ಮಜ್ಜಿ ಇದ್ದಾರಾ? ಇವತ್ತು ರಾತ್ರಿ ಊಟ ಆದಮೇಲೆ ಪಕ್ಕದಲ್ಲಿ ಕೂತು ಕೇಳಿ. ಅವರಮ್ಮನ ಹೆಸರು, ತವರೂರು. ಫೋನಲ್ಲೇ ಬರ್ಕೊಳ್ಳಿ, ಮೂರು ಪೆನ್ಸೂ ಬೇಡ. ಆ ಹೆಸರನ್ನ ಕೆಳಗೆ ಕಾಮೆಂಟಲ್ಲಿ ಬರೆದ್ರೆ ಒಂದೊಂದನ್ನೂ ಓದ್ತೀನಿ.

#ಹಳೇಲೆಡ್ಜರ್ #ಅಜ್ಜಿಯಅಮ್ಮ