ವರ್ಷಕ್ಕೆ ಎರಡು ಫೋನು

ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಮರ ಎಲ್ಲಿದೆ ತಾತ ಎಂದು ನನ್ನ ಮೊಮ್ಮಗಳು ಆಗಾಗ ಕೇಳುತ್ತಾಳೆ. ಅವಳ ಪಾಲಿಗೆ ಸಂಪಿಗೆ ರಸ್ತೆ ಎಂದರೆ ಒಂದು ಮೆಟ್ರೋ ನಿಲ್ದಾಣ, ಅದಕ್ಕೆ ಅಂಟಿಕೊಂಡಂತಿರುವ ಒಂದು ಮಾಲು. ನನಗೆ ಮಾತ್ರ ಆ ರಸ್ತೆಯ ಹೆಸರು ಕಿವಿಗೆ ಬಿದ್ದರೆ 1996ರ ಡಿಸೆಂಬರ್ ತಿಂಗಳು, ಬಿಳಿ ಅಂಗಿಗೆ ಟೈ ಕಟ್ಟಿದ ಇಬ್ಬರು ಹುಡುಗರು ಮತ್ತು ನಮ್ಮ ಮನೆಯ ಫೋನು ನೆನಪಾಗುತ್ತವೆ.

ಆಗ ನಾವಿದ್ದದ್ದು ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಕ್ರಾಸಿನಲ್ಲಿ, ಅಪ್ಪ ಕಟ್ಟಿಸಿದ ಹೆಂಚಿನ ಮನೆಯಲ್ಲಿ. ಪಕ್ಕದ ಮನೆಯವರು ಮಹಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿಗೆ ಬಂದವರೇ ಈ ಹುಡುಗರು. ಒಬ್ಬ ಅಮೆರಿಕದ ಯೂಟಾದವನು, ಇನ್ನೊಬ್ಬ ಹೈದರಾಬಾದಿನವನು. ಇಬ್ಬರೂ ಮಾರ್ಮನ್ ಪಂಥದ ಸೇವೆಗೆ ಬಂದವರು. ಆ ಪಂಥದವರ ಒಂದು ಮಿಷನ್ ಬೆಂಗಳೂರಿನಲ್ಲಿ ಶುರುವಾಗಿದ್ದು 1993ರಲ್ಲಿ. ಆಗೆಲ್ಲ ಹತ್ತೊಂಬತ್ತು ತುಂಬಿದ ಗಂಡು ಹುಡುಗರು ಓದು ನಿಲ್ಲಿಸಿ, ಮನೆ ಬಿಟ್ಟು, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಿ ಎರಡು ವರ್ಷ ಇರುತ್ತಿದ್ದರು. ಅದಕ್ಕೆ ಸಂಬಳವಿಲ್ಲ. ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲೂ ಹೋಗುವಂತಿಲ್ಲ.

ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ ಹೆಸರಿನ ಹಿಂದೆ 'ಎಲ್ಡರ್' ಎಂದು ಬರೆದಿತ್ತು. ಹಾಗೆಂದರೇನು ಎಂದು ಅಮ್ಮ ಕೇಳಿದಳು. 'ಹಿರಿಯರು' ಅಂತ ಅರ್ಥ ಎಂದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮೀಸೆ ಚಿಗುರೋ ವಯಸ್ಸು, ಹಿರಿಯರಂತೆ! ನಿಮ್ಮಪ್ಪಂಗೆ ಏನಂತ ಬಿಲ್ಲೆ ಹಾಕೋಣ?"

ಕ್ರಾಸಿನಲ್ಲಿ ಗುಸುಗುಸು ಇದ್ದದ್ದು ನಿಜ. ಮತಾಂತರಕ್ಕೆ ಬಂದವರು, ಮಕ್ಕಳನ್ನು ದೂರ ಇಡಿ ಎಂದು ಹೇಳಿದವರಿದ್ದರು. ನಾನೂ ಅದೇ ಗುಂಪಿನವನು. ಆದರೆ ಆ ಹುಡುಗರು ಯಾರ ಮನೆ ಬಾಗಿಲನ್ನೂ ತಟ್ಟಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು, ಎದುರು ಸಿಕ್ಕರೆ ಕೈ ಮುಗಿಯುತ್ತಿದ್ದರು, ಎಂಟನೇ ಕ್ರಾಸಿನ ಮಾರ್ಕೆಟ್ಟಿನಿಂದ ಬಾಳೆಹಣ್ಣು ತಂದು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

ಹಾಗೆ ಬರೀ ಬಾಳೆಹಣ್ಣು ತಿನ್ನುವುದನ್ನು ನೋಡಲಾರದೆ ಒಂದು ಸಂಜೆ ಅಮ್ಮ ಅವರನ್ನು ಒಳಕ್ಕೆ ಕರೆದಳು. ಹೈದರಾಬಾದಿನವನ ತೆಲುಗಿಗೂ ಅಮ್ಮನ ಹರಕುಮುರುಕು ತೆಲುಗಿಗೂ ಹೊಂದಿಕೆಯಾಯಿತು. ಎರಡು ಲೋಟ ಫಿಲ್ಟರ್ ಕಾಫಿ ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡು, ಬೇಡ ಎಂದರು. ಅವರ ಧರ್ಮದಲ್ಲಿ ಕಾಫಿ, ಟೀ, ಹೆಂಡ, ಹೊಗೆಸೊಪ್ಪು ನಾಲ್ಕೂ ನಿಷಿದ್ಧ. ಬೀಜವನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸುವ ಅಮ್ಮನಿಗೆ ಇದು ಸಣ್ಣ ಅವಮಾನವಲ್ಲ. "ಹೆಂಡ ಬೇಡ ಅನ್ನೋದು ಸರಿ, ಹೊಗೆಸೊಪ್ಪೂ ಸರಿ. ಕಾಫಿ ಏನು ಪಾಪ ಮಾಡಿತ್ತು?" ಎಂದು ಗೊಣಗುತ್ತಲೇ ಹಾರ್ಲಿಕ್ಸ್ ಬೆರೆಸಿ ಕೊಟ್ಟಳು. ಅಂದಿನಿಂದ ಅದು ಪದ್ಧತಿಯಾಯಿತು. ಅವರಿಗೆ ಹಾರ್ಲಿಕ್ಸ್, ನಮಗೆ ಕಾಫಿ.

ಅಪ್ಪ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ಮಿಷನರಿ ಎಂದರೆ ಒಬ್ಬನೇ, ಕಿಟೆಲ್. "ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದಾಗ ಕಿಟೆಲ್‌ಗೂ ಬರೀ 21 ವರ್ಷ. ಬೈಬಲ್ ಹಿಡಿದುಕೊಂಡು ಬಂದ, 1894ರಲ್ಲಿ 70,000 ಶಬ್ದದ ನಿಘಂಟು ಕೊಟ್ಟ. ಯಾರಿಗೆ ಗೊತ್ತು, ಈ ಹುಡುಗನೂ ಏನಾದರೂ ಮಾಡಿಯಾನು" ಎನ್ನುತ್ತಿದ್ದರು. ಬಾಸೆಲ್ ಮಿಷನ್ ಬೇರೆ, ಇವರು ಬೇರೆ. ಇವರ ಪಂಥ ಹುಟ್ಟಿದ್ದೇ ಅಮೆರಿಕದಲ್ಲಿ, 1830ರಲ್ಲಿ ಎಂದು ನಾನು ಹೇಳಿದರೆ, "ಇರಲಿ ಬಿಡೋ, ಕನ್ನಡ ಕಲಿತರೆ ಸಾಕು" ಎಂದು ಆ ಹುಡುಗನಿಗೆ ಒಂದು, ಎರಡು, ಮೂರು ಹೇಳಿಕೊಡುತ್ತಿದ್ದರು.

ಧನುರ್ಮಾಸ ಬಂತು. ಕಾಡು ಮಲ್ಲೇಶ್ವರನ ಗುಡಿಗೆ ಅಮ್ಮ ನಸುಕಿನಲ್ಲೇ ಹೋಗಿಬರುತ್ತಿದ್ದಳು. ಹುಗ್ಗಿಯ ಪ್ರಸಾದದಲ್ಲಿ ಹುಡುಗರಿಗೂ ಒಂದು ಪಾಲು ಎತ್ತಿಡುತ್ತಿದ್ದಳು. ಮಾರ್ಕೆಟ್ಟಿನ ತುಂಬ ಅವರೆಕಾಯಿಯ ಸೊಗಡು. ಅಂಥ ಒಂದು ದಿನ ಯೂಟಾದ ಹುಡುಗ ಹಾರ್ಲಿಕ್ಸ್ ಲೋಟ ಕೆಳಗಿಟ್ಟು, ಕಿವಿ ಕೆಂಪಗೆ ಮಾಡಿಕೊಂಡು ನನ್ನನ್ನು ಒಂದು ಮಾತು ಕೇಳಿದ. ಅವರ ಕೋಣೆಯಲ್ಲಿ ಫೋನಿಲ್ಲ. ಕ್ರಿಸ್‌ಮಸ್ ದಿನ ಅವನ ತಾಯಿ ನಮ್ಮ ಮನೆಗೆ ಫೋನು ಮಾಡಬಹುದೇ?

ಇಷ್ಟಕ್ಕೆ ಯಾಕಿಷ್ಟು ಸಂಕೋಚ ಎಂದೆ. ಆಗ ತಿಳಿಯಿತು. ಸೇವೆಯಲ್ಲಿರುವ ಹುಡುಗರು ವಾರಕ್ಕೊಮ್ಮೆ ಮನೆಗೆ ಪತ್ರ ಬರೆಯಬಹುದು. ಫೋನು ಮಾತ್ರ ವರ್ಷಕ್ಕೆ ಎರಡೇ ಸಲ, ತಾಯಂದಿರ ದಿನಕ್ಕೊಂದು, ಕ್ರಿಸ್‌ಮಸ್‌ಗೊಂದು. ನಾನು ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಲೆಕ್ಕ ಇದ್ದರೂ ವಾಸಿ ಕಣೋ. ಎರಡು ಅಂದರೆ ಎರಡು ಬರತ್ತೆ ಅಂತ ಕಾಯಬಹುದು" ಎಂದು ಮತ್ತೆ ಬಿಡಿಸತೊಡಗಿದಳು.

ಅಮ್ಮ ಯಾರ ವಿಷಯ ಹೇಳಿದಳೆಂದು ನನಗೆ ಗೊತ್ತಿತ್ತು. ನನಗೊಬ್ಬ ಅಣ್ಣನಿದ್ದಾನೆ. ಇಪ್ಪತ್ತನೆಯ ವಯಸ್ಸಿನಲ್ಲಿ, 1968ರಲ್ಲಿ, ಬಿ.ಎಸ್ಸಿ. ಪರೀಕ್ಷೆಗೆ ಕಟ್ಟಿದ ಫೀಸು ಹಾಗೇ ಬಿಟ್ಟು ಉತ್ತರದ ಒಂದು ಆಶ್ರಮಕ್ಕೆ ಹೋದ. ಆಮೇಲೆ ಕಾವಿ ತೊಟ್ಟ. ಮೊದಲ ಕೆಲವು ವರ್ಷ ಆಗೊಂದು ಈಗೊಂದು ಕಾಗದ ಬರುತ್ತಿತ್ತು. 1974ರಲ್ಲಿ ತಂಗಿಯ ಮದುವೆಗೆ ಬಾ ಎಂದು ಅಪ್ಪ ಬರೆದರು, ಬರಲಿಲ್ಲ. ಅದಾದ ಮೇಲೆ ಕಾಗದಗಳೂ ನಿಂತುಹೋದವು. ಸನ್ಯಾಸಿಗೆ ಪೂರ್ವಾಶ್ರಮ ಎಲ್ಲಿಯದು ಎಂದು ಅಪ್ಪ ಸಮಾಧಾನ ಹೇಳಿಕೊಂಡರು. ಅಮ್ಮ ಏನೂ ಹೇಳಲಿಲ್ಲ.

ಕಾಗದ ಯಾಕೆ ನಿಂತಿತು ಎಂಬುದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ಮದುವೆಯ ಸಾಲ, ಓಡಾಟ ಎಲ್ಲ ನನ್ನ ತಲೆಯ ಮೇಲೆ ಬಿದ್ದಿತ್ತು. ಆ ಸಿಟ್ಟಿನಲ್ಲಿ ಅಣ್ಣನಿಗೆ ಒಂದು ಕಾಗದ ಬರೆದು, ಇನ್ನು ನಮಗೂ ನಿನಗೂ ಸಂಬಂಧವಿಲ್ಲ, ಬರೆದು ಅಮ್ಮನ ಹೊಟ್ಟೆ ಉರಿಸಬೇಡ ಎಂದು ಪೋಸ್ಟ್ ಮಾಡಿ ಬಂದಿದ್ದೆ. ಅಣ್ಣ ನಾನು ಹೇಳಿದಂತೆ ಕೇಳಿದ. ಅವನು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಡಿಸೆಂಬರ್ 25, ಬುಧವಾರ. ನನ್ನ ಹೆಂಡತಿ ಅಯ್ಯಂಗಾರ್ ಬೇಕರಿಯಿಂದ ಕೇಕ್ ತಂದಿದ್ದಳು. ಮೊಟ್ಟೆ ಇಲ್ಲದ್ದರಿಂದ ಅಮ್ಮನಿಗೂ ಆಯಿತು, ರಮ್ ಇಲ್ಲದ್ದರಿಂದ ಹುಡುಗರಿಗೂ ಆಯಿತು. ರಾತ್ರಿ ಎಂಟಕ್ಕೆ ಫೋನು ಬರಬೇಕು. ಯೂಟಾದ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಏಳೂವರೆ. ಏಳೂಮುಕ್ಕಾಲಿಗೇ ಹುಡುಗರು ಬಂದು ಕೂತರು. ಅಮ್ಮ ಫೋನಿಗೆ ಹೊದಿಸಿದ್ದ ಕ್ರೋಷಾ ಬಟ್ಟೆ ತೆಗೆದು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು.

ಎಂಟಾಯಿತು. ಎಂಟೂಕಾಲಾಯಿತು. ಅಪ್ಪ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೋ ಎಂದು ನೋಡಿದರು. "ನೀವು ಎತ್ತಿದಾಗಲೇ ಅವರು ಮಾಡಿದ್ದರೆ?" ಎಂದು ಅಮ್ಮ ಗದರಿದಳು. ಹೊತ್ತು ಕಳೆಯಲು ಅಪ್ಪ ಕಿಟೆಲ್ ನಿಘಂಟು ತಂದು 'ಹಂಬಲ' ಎಂಬ ಪದ ತೆಗೆದು ಹುಡುಗನಿಗೆ ತೋರಿಸಿದರು. ಅವನು ಪುಟವನ್ನೇ ನೋಡುತ್ತ ಕೂತ, ಓದುತ್ತಿರಲಿಲ್ಲ. ಒಂಬತ್ತಾಯಿತು. ಹೈದರಾಬಾದಿನವನು ಅವನ ಬೆನ್ನ ಮೇಲೆ ಕೈಯಿಟ್ಟ. ಅಷ್ಟು ಹೊತ್ತೂ ಅವನ ಮುಖ ನೋಡದಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಅವನ ಮುಖದಲ್ಲಿ ನನಗೆ ಇನ್ಯಾರದೋ ಮುಖ ಕಾಣುತ್ತಿತ್ತು. ಅಣ್ಣ ಹೋದದ್ದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ನಾವು ಇಲ್ಲಿ ಕಾದಂತೆ ಅವನೂ ಅಲ್ಲಿ ಯಾವುದೋ ಹಬ್ಬದ ದಿನ ಅಂಚೆಯವನನ್ನು ಕಾದಿರಬಹುದು ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಒಂಬತ್ತೂಕಾಲಿಗೆ ಫೋನು ಹೊಡೆದುಕೊಂಡಿತು. ಎತ್ತಿದ್ದು ಅಮ್ಮ. ಆ ಕಡೆಯ ಮಾತು ಅಮ್ಮನಿಗೆ ತಿಳಿಯಲಿಲ್ಲ, ಆದರೆ ಧ್ವನಿ ತಿಳಿಯಿತು. ತನಗೆ ಬರುತ್ತಿದ್ದ ಅಷ್ಟೂ ಇಂಗ್ಲಿಷನ್ನು ಒಟ್ಟುಗೂಡಿಸಿ, "ಯುವರ್ ಸನ್... ಗುಡ್ ಬಾಯ್... ಈಟಿಂಗ್ ವೆಲ್" ಎಂದಳು. ಆಮೇಲೆ ಕನ್ನಡದಲ್ಲೇ, "ಯೋಚನೆ ಮಾಡಬೇಡಮ್ಮ, ಇಲ್ಲಿ ನಾವಿದ್ದೀವಿ" ಎಂದು ಸೇರಿಸಿ ರಿಸೀವರನ್ನು ಹುಡುಗನ ಕೈಗೆ ಕೊಟ್ಟಳು. ಅವನು 'ಮಾಮ್' ಎಂದವನು ಮುಂದೆ ಮಾತು ಹೊರಡದೆ ನಿಂತ. ನಾವೆಲ್ಲ ಎದ್ದು ಅಡುಗೆಮನೆಗೆ ಹೋದೆವು.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣನಿಗೆ ಕಾಗದ ಬರೆದೆ. ತಪ್ಪು ನನ್ನದು, ಅಮ್ಮನದಲ್ಲ, ಅವಳಿಗೆ ಏನೂ ಗೊತ್ತಿಲ್ಲ ಎಂದು ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಬೆಳಗಿನ ಜಾವವಾಯಿತು.

ಸಂಕ್ರಾಂತಿ ಕಳೆದು ಉತ್ತರ ಬಂತು. ಬಹಳ ವರ್ಷ ಕನ್ನಡ ಬರೆಯದ ಕೈ, ಒತ್ತಕ್ಷರಗಳು ತಡವರಿಸಿದ್ದವು. ನನ್ನ ಕ್ಷಮೆಯ ವಿಷಯ ಒಂದಕ್ಷರವೂ ಇರಲಿಲ್ಲ. ಎಲ್ಲರಿಗೂ ಶುಭ ಕೋರಿ, ಕೊನೆಗೆ, 'ಅಮ್ಮ ಈಗಲೂ ಕಾಫಿಬೀಜ ಮನೆಯಲ್ಲೇ ಹುರಿಯುತ್ತಾಳೆಯೇ?' ಎಂದು ಕೇಳಿ, ಆಶ್ರಮದ ಕಚೇರಿಯ ಫೋನ್ ನಂಬರು ಬರೆದಿದ್ದ. ಅಮ್ಮ ಆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಇದ್ದಕ್ಕಿದ್ದಂತೆ ಕಾಗದ ಹೇಗೆ ಬಂತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈವರೆಗೆ ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಿನಾ ಮಾಡೋಣವೇ ಎಂದರೆ ಅಮ್ಮ ಒಪ್ಪಲಿಲ್ಲ. "ಅವನ ವ್ರತಕ್ಕೆ ನಾವು ಅಡ್ಡ ಬರಬಾರದು. ಆ ಹುಡುಗನ ಹಾಗೆ ಎರಡು ಸಾಕು. ಯುಗಾದಿಗೊಂದು, ದೀಪಾವಳಿಗೊಂದು." 2007ರಲ್ಲಿ ತೀರಿಕೊಳ್ಳುವವರೆಗೂ ಅಮ್ಮ ಆ ಲೆಕ್ಕ ತಪ್ಪಿಸಲಿಲ್ಲ.

ಯೂಟಾದ ಹುಡುಗ ಮರುವರ್ಷ ಬೇರೆ ಊರಿಗೆ ಹೋದ. ಹೋಗುವಾಗ ಅಮ್ಮನ ಕಾಲು ಮುಟ್ಟಿ, ಅಪ್ಪ ಕಲಿಸಿದ ಕನ್ನಡದಲ್ಲಿ 'ಹೋಗಿ ಬರ್ತೀನಿ' ಎಂದ. ಮತ್ತೆ ಬರಲಿಲ್ಲ. 2019ರ ಫೆಬ್ರವರಿಯಲ್ಲಿ ಅವರ ಪಂಥದವರು ಹಳೆಯ ನಿಯಮ ಸಡಿಲಿಸಿ, ಸೇವೆಯಲ್ಲಿರುವ ಹುಡುಗ ಹುಡುಗಿಯರು ವಾರಕ್ಕೊಮ್ಮೆ ಮನೆಗೆ ಫೋನು ಮಾಡಬಹುದೆಂದರು. ಸುದ್ದಿ ತಿಳಿದಾಗ, ಅಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು ಎಂದುಕೊಂಡೆ. ಕಾಫಿಯ ನಿಷೇಧ ಸಡಿಲವಾಯಿತೇ ಎಂದೂ ಕೇಳಿರುತ್ತಿದ್ದಳು. ಅದು ಆಗಿಲ್ಲ.

ಅಣ್ಣನ ಕೈಗೂ ಈಗ ಮೊಬೈಲು ಬಂದಿದೆ. ಬೇಕೆಂದರೆ ಮುಖ ನೋಡಿಕೊಂಡೇ ಮಾತಾಡಬಹುದು. ಆದರೂ ನಾವಿಬ್ಬರೂ ಮಾತಾಡುವುದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ನಾನು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.