ಬದುವಿನ ಮರ, ಬದುವಿನಾಚೆಯ ಪೈರು

ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ ನೆರೆಯಾಗಿ, ಬಳ್ಳಾರಿ ರಸ್ತೆಯ ಮಗ್ಗುಲಿಗೆ ಇಂದು ಮಹಡಿಗಳೇ ತುಂಬಿ ನಿಂತಿರುವ ಬ್ಯಾಟರಾಯನಪುರದಲ್ಲಿ 1980ರ ಸುಮಾರಿಗೆ ಇನ್ನೂ ರಾಗಿಯ ಹೊಲಗಳಿದ್ದುವು. ಅಂತಹ ಒಂದು ಹೊಲದ ಮೂಡಣ ಬದುವಿಗೆ ಹೊಂದಿದಂತೆ ದಾಯಾದಿಯೊಬ್ಬನು ನೀಲಗಿರಿಯನ್ನು ನೆಟ್ಟನು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬದುವಿನ ಪಕ್ಕದ ನಾಲ್ಕಾರು ಸಾಲುಗಳ ರಾಗಿ ಗೇಣುದ್ದಕ್ಕೇ ನಿಂತಿತು. ತೆನೆ ಕಾಳು ಕಟ್ಟದಾಯಿತು.

"ಆ ಮರದ ಎಲೇಲಿ ನಂಜೈತೆ. ಮಳೆ ನೀರಾಗೆ ಇಳಿದು ಪೈರನ್ನ ಸುಡ್ತೈತೆ" ಎಂದನು ಹೊಲದೊಡೆಯನಾದ ವೃದ್ಧ. "ನಮ್ ಜಮೀನು, ನಮ್ ಮರ. ನೀವ್ಯಾಕೆ ಕೇಳ್ತೀರ ದೊಡ್ಡಪ್ಪ?" ಎಂಬುದು ತಮ್ಮನ ಮಗನ ಉತ್ತರ. ಎರಡು ಮನೆಗಳ ನಡುವೆ ಹಬ್ಬದ ಹೋಗುಬರವೂ ನಿಂತುಹೋಯಿತು.

ವೃದ್ಧನ ದೂರು ಹೊಸದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಮರಮರಗಳ ನಡುವೆ 20 ಮೊಳದ ಅಂತರ ಉತ್ತಮ, 16 ಮೊಳ ಮಧ್ಯಮ, 12 ಮೊಳ ಕನಿಷ್ಠವೆಂದು ವಿಧಿಸಿ, ಒತ್ತೊತ್ತಾಗಿ ಬೆಳೆದು ಬೇರು ಹೆಣೆದುಕೊಂಡ ಮರಗಳು ಪೀಡಿತವಾಗಿ ಸರಿಯಾಗಿ ಫಲ ಕೊಡವೆಂದು ಕಾರಣವನ್ನೂ ಹೇಳಿದ್ದಾನೆ. ರೋಮಿನ ಪ್ಲಿನಿಯು ಅಕ್ರೋಟು ಮರದ ನೆರಳೇ ಇತರ ಸಸ್ಯಗಳಿಗೆ ಹಾನಿಕರವೆಂದು ಬರೆದನು. 1937ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್ ಈ ವ್ಯಾಪಾರಕ್ಕೆ ಗ್ರೀಕ್ ಮೂಲದಿಂದ 'ಅಲ್ಲೆಲೋಪತಿ' ಎಂಬ ಹೆಸರನ್ನು ಕಟ್ಟಿದನು. ಪೂರ್ವಪದಕ್ಕೆ ಪರಸ್ಪರವೆಂದೂ ಉತ್ತರಪದಕ್ಕೆ ಬಾಧೆಯೆಂದೂ ಅರ್ಥ. ಪರಸ್ಪರ, ಪೀಡೆ — ವರಾಹಮಿಹಿರನು ಬಳಸಿದ ಭಾವಗಳೂ ಇವೇ. ಆದರೆ ಮೋಲಿಷ್ಷನು ಸಸ್ಯವು ಸಸ್ಯಕ್ಕೆ ಮಾಡುವ ಉಪಕಾರವನ್ನೂ ಅದೇ ಹೆಸರಿನಲ್ಲಿ ಸೇರಿಸಿದ್ದನು. ವ್ಯುತ್ಪತ್ತಿಯನ್ನಷ್ಟೇ ನೆಚ್ಚಿ ಅರ್ಥ ಹೇಳುವವರು ಇಲ್ಲಿ ಎಡವುವುದುಂಟು.

ವೃದ್ಧನ ಮೊಮ್ಮಗ ಪ್ರೌಢಶಾಲೆಯ ವಿದ್ಯಾರ್ಥಿ. ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಂತೆ ಅವನು ನೀಲಗಿರಿ, ಹೊಂಗೆ, ಹುಣಿಸೆಗಳ ಎಲೆಗಳನ್ನು ಬೇರೆಬೇರೆಯಾಗಿ ಜಜ್ಜಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿದನು. ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ, ತಲಾ ಐವತ್ತು ಇಂಡಾಫ್ ರಾಗಿಯ ಕಾಳುಗಳನ್ನು ಹರಡಿ, ಒಂದಕ್ಕೆ ಬರಿಯ ನೀರನ್ನೂ ಉಳಿದುವಕ್ಕೆ ಒಂದೊಂದು ರಸವನ್ನೂ ಚಿಮುಕಿಸಿದನು. ಬರಿನೀರಿನ ತಟ್ಟೆಯಲ್ಲಿ ಬೇರುಗಳು ಬಿಳಿಯ ನೂಲಿನಂತೆ ಹರಿದುವು. ನೀಲಗಿರಿಯ ತಟ್ಟೆಯಲ್ಲಿ ಕೆಲವೇ ಕಾಳು ಮೊಳೆತು, ಬೇರಿನ ತುದಿ ಕಂದಿತು. ಕುಡಿಗಿಂತ ಬೇರೇ ಹೆಚ್ಚು ಸೊರಗುವುದು ಇಂತಹ ಪ್ರಯೋಗಗಳಲ್ಲಿ ಸಾಮಾನ್ಯ. ರಸವನ್ನು ಮೊದಲು ಮುಟ್ಟುವುದು ಅದೇ ತಾನೆ. ತಾತನಿಗೆ ವ್ಯಾಜ್ಯ ಗೆದ್ದಷ್ಟು ಹರ್ಷ. ತಟ್ಟೆಯನ್ನೇ ಪಂಚಾಯಿತಿಗೆ ಒಯ್ಯಲು ಎದ್ದನು.

"ತಾತ, ಹೊಂಗೆ ತಟ್ಟೇನೂ ನೋಡು" ಎಂದನು ಹುಡುಗ.

ಅದರಲ್ಲಿಯೂ ಮೊಳಕೆ ಕುಗ್ಗಿತ್ತು, ಹುಣಿಸೆಯದರಲ್ಲಿಯೂ ಅಷ್ಟೆ. ತಲೆತಲಾಂತರದಿಂದ ಗದ್ದೆಗೆ ತುಳಿದ ಸೊಪ್ಪು ಹೊಂಗೆ! ವೃದ್ಧನು ಮಾತಿಲ್ಲದೆ ಕುಳಿತನು. ಮರುವಾರ ಹೊಂಗೆಯ ರಸಕ್ಕೆ ಹತ್ತು ಪಾಲು ನೀರು ಬೆರೆಸಿ ಎರೆದಾಗ ಕಾಳುಗಳು ಬರಿನೀರಿನವುಗಳಂತೆಯೇ ಮೊಳೆತುವು. ಕೆಮ್ಮಣ್ಣಿನ ಕುಂಡಗಳಿಗೆ ಅವೇ ರಸಗಳನ್ನು ಎರೆದಾಗ ಭೇದ ಇನ್ನೂ ತಗ್ಗಿತು. ಎಲೆಯಿಂದ ಇಳಿಯುವ ಫಿನಾಲಿಕ್ ಆಮ್ಲಗಳನ್ನು ಮಣ್ಣಿನ ಕಣಗಳು ಹಿಡಿದಿಡುತ್ತವೆ, ಸೂಕ್ಷ್ಮಜೀವಿಗಳು ಒಡೆಯುತ್ತವೆ. ಹಸಿಯ ಸೊಪ್ಪನ್ನು ತುಳಿದ ಮೇಲೆ ಅದು ಕೊಳೆಯುವವರೆಗೆ ಕಾದು ನಾಟಿ ಮಾಡುವ ಪದ್ಧತಿಗೆ ಇದೂ ಒಂದು ಸಮರ್ಥನೆ. ನೀಲಗಿರಿಯ ಎಲೆಯಾದರೋ ತೊಗಲಿನಂತೆ ಗಡುಸು, ಎಣ್ಣೆಯುಳ್ಳದ್ದು. ಬೇಗ ಕೊಳೆಯದು, ದನವೂ ಮುಟ್ಟದು, ಉದುರಿದಲ್ಲಿಯೇ ಹಾಸಾಗಿ ಉಳಿಯುತ್ತದೆ. ಅದರ ಬುಡದಲ್ಲಿ ನಂಜಿನ ಮಾತು ಪೂರ್ಣ ಸುಳ್ಳಲ್ಲ. ಆದರೆ ಎಲೆ ಅಷ್ಟಾಗಿ ಬೀಳದ ನಾಲ್ಕನೆಯ ಐದನೆಯ ಸಾಲಿನಲ್ಲಿಯೂ ರಾಗಿ ಸೊರಗಿದ್ದೇಕೆ? ಮೇಷ್ಟ್ರು ನೆಲದ ಕಡೆಗೆ ಬೆರಳು ತೋರಿಸಿದರು.

ಮುಂದೆ ಹೊಸಕೋಟೆಯ ಬಳಿ ನಡೆದ ಜಲಮಾಪನಗಳಲ್ಲಿ ನೀಲಗಿರಿಯ ಬೇರು ಹಲವು ಮೀಟರು ಆಳದ ತೇವವನ್ನೂ ಹೀರುವುದು ಕಂಡುಬಂದಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತೆಸೆದದ್ದೂ, 2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದೂ ಮುಖ್ಯವಾಗಿ ಈ ನೀರಿನ ಸಂಕಟದಿಂದ.

ಬ್ಯಾಟರಾಯನಪುರದ ತಾತ ಅಷ್ಟು ಕಾಲ ಕಾಯಲಿಲ್ಲ. ಬೇಸಗೆಯಲ್ಲಿ ಬದುವಿನುದ್ದಕ್ಕೂ ಸೊಂಟದಾಳದ ಕಾಲುವೆ ತೆಗೆಯತೊಡಗಿದನು. ಹೊಲದೊಳಗೆ ನುಗ್ಗಿದ್ದ ಬೇರುಗಳು ಹೆಬ್ಬೆರಳ ಗಾತ್ರ. ಎರಡನೆಯ ದಿನ ತಮ್ಮನ ಮಗ ಬಂದು ಕತ್ತರಿಸಿದ ಬೇರುಗಳನ್ನು ಬಹಳ ಹೊತ್ತು ನೋಡಿದನು. ಆಮೇಲೆ ಮನೆಗೆ ಹೋಗಿ ಗುದ್ದಲಿ ತಂದನು. ಆ ವರ್ಷ ಬದುವಿನ ಪಕ್ಕದ ರಾಗಿ ತೆನೆಗಟ್ಟಿತು. ಮರಗಳಿಗೆ ತೀರ ಹತ್ತಿರದ ಒಂದು ಸಾಲು ಮಾತ್ರ ಹಾಗೆಯೇ ಕುಳ್ಳಾಗಿ ಉಳಿಯಿತು. ಅದು ಎಲೆಯ ಕೆಲಸವೋ ನೆರಳಿನದೋ ಎಂದು ತಿಳಿಯಲು ಮೊಮ್ಮಗ ಮತ್ತೆ ಕುಂಡಗಳಿಗೆ ಮಣ್ಣು ತುಂಬುತ್ತಿದ್ದನು.