ಟೈ ಕಟ್ಟಿದ ಗೊಂಬೆ

ಮಗಳ ಮೊಬೈಲ್ ಆಟವೊಂದಿದೆ, ಗೊಂಬೆಗೆ ಬಟ್ಟೆ ತೊಡಿಸೋದು. ಮೊನ್ನೆ ಅವಳು ಮಲಗಿದ್ದಾಗ ನಾನು ಶುರು ಹಚ್ಚಿಕೊಂಡೆ. ಎಪ್ಪತ್ತರ ದಶಕದ ಕೊನೆಯ ಅಮೆರಿಕದ ಹೆಂಗಸರನ್ನೆಲ್ಲ ಮಾಡೋಣ ಅಂತ :)

1977ರ ‘ಸ್ಟಾರ್ ವಾರ್ಸ್’ನ ಲಿಯಾ ಸಲೀಸು. ಬಿಳಿ ನಿಲುವಂಗಿ, ಬೆಲ್ಟು, ಕಿವಿಗೊಂದರಂತೆ ಎರಡು ತುರುಬು. ಫ್ಯಾರಾ ಫಾಸೆಟ್‌ಳ ಕೂದಲು ಸಿಕ್ತು, ಕೆಂಪು ಈಜುಡುಗೆಯೂ ಸಿಕ್ತು. ಆದ್ರೆ 1976ರ ಆ ಪೋಸ್ಟರಿನ ಹಲ್ಲು ಬಿಟ್ಟ ನಗು? ಈ ಗೊಂಬೆಗಳು ನಗೋದು ಬಾಯಿ ಮುಚ್ಚಿಕೊಂಡೇ. ಹಾಗಂತ ನಗು ತೆಗೆಯೋಕೂ ಬರಲ್ಲ! ಬ್ಲಾಂಡಿ ತಂಡದ 1978ರ ‘ಪ್ಯಾರಲಲ್ ಲೈನ್ಸ್’ ಮುಖಪುಟದಲ್ಲಿ ಸೂಟು ತೊಟ್ಟ ಗಂಡಸರು ನಗ್ತಾ ನಿಂತಿದ್ರೆ, ಬಿಳಿ ಉಡುಪಿನ ಡೆಬ್ಬಿ ಹ್ಯಾರಿ ಸೊಂಟದ ಮೇಲೆ ಕೈಯಿಟ್ಟು ಬಿಗಿದ ಮುಖದಲ್ಲಿ ನೋಡ್ತಾಳೆ. ನನ್ನ ಡೆಬ್ಬಿ ಮಾತ್ರ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸೋಳ ಥರ ಇದ್ದಳು.

ಕೊನೆಗೆ ‘ಆನಿ ಹಾಲ್’. 1977ರ ಆ ಚಿತ್ರದಲ್ಲಿ ಡಯಾನ್ ಕೀಟನ್ ತೊಟ್ಟ ಟೈ, ವೇಸ್ಟ್‌ಕೋಟು, ಟೋಪಿ, ದೊಗಳೆ ಪ್ಯಾಂಟು. ಹುಡುಗಿಯರ ಕಪಾಟಿನಲ್ಲಿ ಟೈ ಇಲ್ಲವೇ ಇಲ್ಲ. ನಾನು ಪಿಯುಸಿಯಲ್ಲಿದ್ದಾಗ ಅಣ್ಣನ ಅಂಗಿ ತೊಟ್ಟು ಹೊರಟವಳನ್ನ ಅಜ್ಜಿ ಹೊಸಿಲಲ್ಲೇ ತಡೆದು ವಾಪಸ್ ಕಳಿಸಿದ್ದರು. ಬದಲಾಯಿಸಿಕೊಂಡೇ ಹೋಗಿದ್ದೆ, ಒಂದು ಮಾತೂ ಆಡದೆ. ಈ ಆಟದೊಳಗೂ ಅಜ್ಜಿ ಕೂತಿದ್ದಾರಾ ಅನ್ನಿಸ್ತು.

ಹುಡುಗನ ಗೊಂಬೆ ತಗೊಂಡು ಉದ್ದ ಕೂದಲು ಇಟ್ಟೆ. ಅಷ್ಟೊತ್ತಿಗೆ ಮಗಳು ಎದ್ದು ಬಂದಳು.

"ಅಮ್ಮಾ, ಇದು ಹುಡುಗನಾ?"

"ಅಲ್ಲ, ಆನಿ ಅಂತ."

ಕಣ್ಣುಜ್ಜುತ್ತಾ ಒಂದು ನಿಮಿಷ ನೋಡಿದಳು. ಆಮೇಲೆ ಸೀದಾ ಹೋಗಿ ಅವರಪ್ಪನ ಬೀರು ತೆಗೆದಳು. ಟೈ ಮೊಣಕಾಲಿಗೆ ಬರ್ತಿತ್ತು.